ಮುಂಬೈಗೆ ಒಯ್ದ ಕೆಂಪು

ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಗುತ್ತಲದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿದೆ. ಪೇಢೆಯ ಡಬ್ಬಿ ಹಿಡಿದುಕೊಂಡು ಹಾವೇರಿಯ ನಮ್ಮ ಮನೆಗೆ ಬಂದು, "ಅಕ್ಕೋರ, ನೀವು ಮೂವತ್ತೆರಡು ವರ್ಷ ಮಾಡೀರಿ. ಈ ಕೆಲಸ ಖರೇ ಹ್ಯಾಂಗ ಇರತೈತಿ, ಸ್ವಲ್ಪ ಹೇಳ್ರಲಾ" ಎಂದು ಕೂತಳು. ಪೇಢೆ ತಿಂದೆ, ಹೇಳಲಿಲ್ಲ. ಬಾಯಿ ಬಿಟ್ಟರೆ ನಾನು ಬೈಯುವುದೇ ಹೆಚ್ಚು. ಮೊನ್ನೆ ತಾನೇ ಸೇರಿದ ಹುಡುಗಿಯನ್ನು ಅಳಿಸಿ ಕಳಿಸುವುದು ಬೇಡ ಎಂದು ಬರೆಯಲು ಕೂತಿದ್ದೇನೆ.

ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಎನ್ನುತ್ತಾರೆ. ನಾನು ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಮೂರೂ ತಾಲ್ಲೂಕಿನ ಸಾಲೆಗಳಲ್ಲಿ 'ಡ್ರಾಯಿಂಗ್ ಅಕ್ಕೋರು' ಆಗಿಯೇ ಉಳಿದೆ. ನನ್ನ ಹೆಸರು ಪಗಾರದ ಹಾಳೆಯ ಮೇಲೆ ಮಾತ್ರ ಇತ್ತು.

ಮೊದಲನೆಯದಾಗಿ ತಿಳಿದುಕೊಳ್ಳಬೇಕಾದದ್ದು: ಡ್ರಾಯಿಂಗ್ ಕಲಿಸುವುದು ಈ ಕೆಲಸದ ನಾಲ್ಕಾಣೆ ಪಾಲು. ಉಳಿದ ಹನ್ನೆರಡಾಣೆ ಊರಿನ ಚಾಕರಿ. ಸಾಹೇಬರು ಬರುತ್ತಾರೆ, ಸ್ವಾಗತ ಬೋರ್ಡ್ ಬರೆಯಿರಿ. ಸಾಲೆಯ ವಾರ್ಷಿಕ ಗ್ಯಾದರಿಂಗ್ ಇದೆ, ಪರದೆಗೆ ಗುಡ್ಡ, ಹೊಳೆ, ಸೂರ್ಯ ಬಿಡಿಸಿರಿ. ಗೆದ್ದವರ ಕಪ್ಪಿನ ಮೇಲೆ ಹೆಸರು ಬರೆಯಿರಿ. ವಿಜ್ಞಾನದ ಸರ್‌ಗೆ ಹೃದಯದ ಚಾರ್ಟು ಮಾಡಿಕೊಡಿ. ನಾನು ಬಿಡಿಸಿದಷ್ಟು ಹೃದಯಗಳನ್ನು ಯಾವ ಡಾಕ್ಟರೂ ನೋಡಿರಲಿಕ್ಕಿಲ್ಲ. ರಾಣೆಬೆನ್ನೂರಿನಲ್ಲಿ ನನಗೊಬ್ಬ ಹೆಡ್‌ಮಾಸ್ತರರಿದ್ದರು. ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ಪಿರಿಯಡ್ಡೆಲ್ಲ ಗಣಿತಕ್ಕೆ.

"ಅಕ್ಕೋರ, ನೀವು ಹ್ಯಾಂಗೂ ಖಾಲಿ ಅದೀರಿ. ಆಫೀಸಿನ ಬೋರ್ಡ್ ಒಂದು ಬರದು ಬಿಡ್ರಲಾ" ಎನ್ನುವರು.

"ನಾ ಖಾಲಿ ಇಲ್ರಿ ಸರ್. ನನ್ನ ಬಣ್ಣದ ಡಬ್ಬಿ ಖಾಲಿ ಅದಾವು" ಎಂದು ನಾನು.

ಅವರು ನಗುತ್ತಿದ್ದರು, ಡಬ್ಬಿ ತರಿಸುತ್ತಿರಲಿಲ್ಲ. ಕೆಟ್ಟ ಮನುಷ್ಯರಲ್ಲ. ಚಿತ್ರಕಲೆ ಎಂದರೆ ಬೋರ್ಡ್ ಬರೆಯುವುದು ಎಂದೇ ಖರೇ ನಂಬಿದ್ದರು.

ಇನ್ನು ತಪ್ಪುಗಳು. ನನ್ನ ಮೊದಲ ದೊಡ್ಡ ತಪ್ಪು ಆದದ್ದು ಮೇಡ್ಲೇರಿಯಲ್ಲಿ. ಸಾಲೆಯ ಗೋಡೆಯ ಮೇಲೆ ತಾಲ್ಲೂಕಿನ ನಕಾಶೆ ಬಿಡಿಸಲು ಕರೆಸಿದ್ದರು. ಪುಸ್ತಕ ನೋಡಿ, ಚೌಕ ಹಾಕಿ, ಮೂರು ದಿನ ಕೂತು ಬಿಡಿಸಿದೆ. ಮುಗಿದ ದಿನ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಅಜ್ಜ ಒಬ್ಬ ನಿಂತು ನೋಡಿ, "ಛಲೋ ಆಗೈತ್ರಿ ಅಕ್ಕೋರ. ಆದ್ರ ಹೊಳಿ ನಮ್ಮೂರಿಗೆ ಮೂಡಲಕ್ಕ ಐತಿ. ನೀವು ಪಡುವಲಕ್ಕ ಹರಿಸೀರಿ" ಎಂದ. ನಾನು ಪುಸ್ತಕ ತೋರಿಸಿ ವಾದಕ್ಕೆ ನಿಂತೆ. ಅಜ್ಜ ಪುಸ್ತಕದ ಕಡೆ ಕಣ್ಣೂ ಹಾಯಿಸಲಿಲ್ಲ, ಕೈ ಎತ್ತಿ ತೋರಿಸಿದ. ಸಾಲೆಯ ಹಿಂದೆ, ಮೂಡಲಕ್ಕೆ, ತುಂಗಭದ್ರಾ ತನ್ನ ಪಾಡಿಗೆ ಹರಿಯುತ್ತಿತ್ತು. ಮೂರು ದಿನ ಅದೇ ಹೊಳೆಯ ನೀರು ಕುಡಿದು, ಅದೇ ಹೊಳೆಯಲ್ಲಿ ಬ್ರಷ್ ತೊಳೆದಿದ್ದೆ. ಪುಸ್ತಕದಲ್ಲಿ ಸರಿಯಾಗಿಯೇ ಇತ್ತು, ನಾನೇ ಊರಿನ ಚುಕ್ಕೆಯನ್ನು ಹೊಳೆಯ ಆಚೆ ದಂಡೆಗೆ ಇಟ್ಟಿದ್ದೆ. ಅವತ್ತು ನಾಚಿಕೆಯಾಯಿತು, ಆದರೆ ಬುದ್ಧಿ ಬರಲಿಲ್ಲ. ಬಂದಿದ್ದರೆ ಮುಂದಿನದನ್ನು ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಇಷ್ಟೆಲ್ಲ ಬಣ್ಣ ಬಳಿದೂ ನನ್ನದು ಅಂತ ಒಂದು ಚಿತ್ರ ಈ ಮೂರು ಊರಿನಲ್ಲಿ ಎಲ್ಲೂ ಇಲ್ಲ. ಸಾಲೆ ಮುಗಿಸಿ ಮನೆಗೆ ಬಂದರೆ ರೊಟ್ಟಿ, ಮಕ್ಕಳು, ಅತ್ತೆಯ ಮದ್ದು. ನನ್ನ ಚಿತ್ರ ಅಂತ ಏನಾದರೂ ಆಗಿದ್ದರೆ ಅದು ಮುಂಬೈಯಲ್ಲಿ, ದಸರಾ ಸೂಟಿಯ ಎಂಟು ದಿನಗಳಲ್ಲಿ, ನಮ್ಮಕ್ಕನ ಮನೆಯಲ್ಲಿ ಆಯಿತು.

ಅಕ್ಕನ ಹೆಸರು ಶಾಂತಾ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ನನ್ನ ತಲೆ ಬಾಚಿದವಳು, ಕೈ ಹಿಡಿದು ಅಕ್ಷರ ತಿದ್ದಿಸಿದವಳು, ಬಳಪದಿಂದ ಹೊಸ್ತಿಲ ಮೇಲೆ ಹಕ್ಕಿ ಬಿಡಿಸಿದರೆ ಅಪ್ಪನಿಗೆ ಕಾಣದಂತೆ ಒರೆಸಿದವಳು ಅಕ್ಕ. ಅಪ್ಪನದು ಬ್ಯಾಡಗಿಯಲ್ಲಿ ಸಣ್ಣ ಮೆಣಸಿನಕಾಯಿ ದಲಾಲಿ ಅಂಗಡಿ. ಸುಗ್ಗಿಯಲ್ಲಿ ನಮ್ಮ ಮನೆಯ ಅಂಗಳ ತುಂಬಾ ಮೆಣಸಿನಕಾಯಿ ಹರವಿರುತ್ತಿತ್ತು. ಪಡಸಾಲೆಯಲ್ಲಿ ಕೂತರೆ ಬಾಗಿಲ ಆಚೆ ಬರೀ ಕೆಂಪು. ಒಣಗಿದ ಕೂಡಲೇ ಅಪ್ಪ ಅದನ್ನು ಚೀಲ ತುಂಬಿಸಿ ಒಳಗಿನ ಕತ್ತಲೆ ಕೋಣೆಗೆ ಹಾಕಿಸುವರು. ನನಗೆ ಹನ್ನೊಂದು ತುಂಬುವ ಹೊತ್ತಿಗೆ ಅಕ್ಕ ಮದುವೆಯಾಗಿ ಮುಂಬೈಗೆ ಹೋದಳು. ಹೋದ ದಿನ ನಾನು ಮೆಣಸಿನಕಾಯಿ ಚೀಲದ ಹಿಂದೆ ಕೂತು ಅತ್ತೆ. ಘಾಟಿಗೆ ಕಣ್ಣಲ್ಲಿ ನೀರು ಬಂದಿದೆ ಎಂದು ಎಲ್ಲರೂ ತಿಳಿದರು.

ನೌಕರಿ ಸೇರಿದ ಮೇಲೆ ಪ್ರತಿ ದಸರಾ ಸೂಟಿಗೆ ಅಲ್ಲಿಗೆ ಹೋಗುವುದು ರೂಢಿಯಾಯಿತು. ನಮ್ಮ ಮನೆಯವರು, "ಹೋಗಿ ಬಾರ, ಇಲ್ಲಂದ್ರ ವರ್ಷಪೂರ್ತಿ ನಮ್ಮ ಮ್ಯಾಲ ಸಿಡಿಮಿಡಿ ಮಾಡತಿ" ಎಂದು ತಾವೇ ಟಿಕೀಟು ತೆಗೆಸುತ್ತಿದ್ದರು. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ಹೋಗುವುದು. ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಒಂದು ಕಿಲೋ ಬ್ಯಾಡಗಿ ಖಾರಪುಡಿ. ತವರಿನಿಂದ ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ.

ಅಕ್ಕನದು ಪರೇಲ್ ಬದಿಯ ಚಾಳದಲ್ಲಿ ಮೂರನೇ ಮಾಳಿಗೆ, ಎರಡು ಕೋಣೆ. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಮಾಮಾ ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿದ್ದರು. ನಾನು ಬರುವ ವಾರದ ಮುಂಚೆಯೇ ಅಲ್ಲಿ ಉಳಿದ ದಪ್ಪ ಕಾಗದದ ತುಂಡುಗಳನ್ನು ಕೇಳಿ ಪಡೆದು ಮನೆಗೆ ತಂದಿಡುತ್ತಿದ್ದರು. "ಶಾಂತಾ, ನಿನ್ನ ಪೇಂಟರ್ ತಂಗಿ ಬಂದಳು ನೋಡು, ಇನ್ನ ಎಂಟು ದಿನ ನಮಗ ಕುಂದ್ರಾಕ ಜಾಗಾ ಇಲ್ಲ" ಎಂದು ಚಾಷ್ಟಿ ಮಾಡುತ್ತಲೇ ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ನನಗೆ ಸ್ಟೂಲು ಹಾಕಿಕೊಡುವರು.

ಸೂಟಿಯಲ್ಲಿ ನೆಂಟರ ಮನೆಗೆ ಹೋಗಿ ಚಿತ್ರ ಬಿಡಿಸುವವರಿಗೆ ನನ್ನ ಅನುಭವದ ಮಾತು ಇಷ್ಟು. ಸಾಬೂನಿನ ಡಬ್ಬಿಯಲ್ಲಿ ಹಿಡಿಸುವಷ್ಟೇ ಬಣ್ಣ ಒಯ್ಯಿರಿ. ದೊಡ್ಡದಕ್ಕೆ ಕೈ ಹಾಕಬೇಡಿ. ಎಂಟು ದಿನ ಎಂದರೆ ಎಂಟು ದಿನವಲ್ಲ. ಒಂದು ದಿನ ದಣಿವಿಗೆ, ಒಂದು ದಿನ ಸಮುದ್ರ ತೋರಿಸಿಯೇ ತೀರುತ್ತೇವೆ ಎನ್ನುವವರಿಗೆ, ಎರಡು ದಿನ ಊರ ಕಡೆಯವರ ಮನೆಯ ಊಟಕ್ಕೆ. ಉಳಿಯುವುದು ನಾಲ್ಕು. ನಾನು ಆ ನಾಲ್ಕು ದಿನಕ್ಕೆ ವರ್ಷವಿಡೀ ಹಸಿದಿರುತ್ತಿದ್ದೆ. ನಳದ ಮುಂದಿನ ಕೊಡಗಳ ಸಾಲು, ಕಟಾಂಜನಕ್ಕೆ ಒಣಹಾಕಿದ ಸೀರೆಗಳು, ಕೆಳಗೆ ಹಾದುಹೋಗುವ ಛತ್ರಿಗಳು, ಏನು ಕಂಡರೂ ಬಿಡಿಸುತ್ತಿದ್ದೆ. "ತಂಗಿ ಮುಂಬೈ ನೋಡಾಕ ಬಂದಾಳೋ, ನಮ್ಮ ಗ್ಯಾಲರಿ ನೋಡಾಕ ಬಂದಾಳೋ" ಎಂದು ಅಕ್ಕ ನಗುವಳು. ಬಿಡಿಸಿದ್ದು ಯಾವುದೂ ಮುಗಿಯುತ್ತಿರಲಿಲ್ಲ. ಅರ್ಧದಲ್ಲಿ ಗಾಡಿಯ ಹೊತ್ತಾಗುತ್ತಿತ್ತು. ಅರ್ಧ ಬಿಟ್ಟದ್ದನ್ನು ಊರಿಗೆ ತಂದು ಮುಗಿಸಲು ಕೂತರೆ ಕೈ ಓಡುತ್ತಿರಲಿಲ್ಲ, ಅಕ್ಕ ಎದುರಿಗಿಲ್ಲವಲ್ಲ.

ಮುಗಿದದ್ದು ಒಂದೇ ಚಿತ್ರ. ನನ್ನ ಸರ್ವಿಸ್ಸಿನ ಏಳೆಂಟನೇ ವರ್ಷ ಇರಬೇಕು. ಆ ಸಲ ಹೋದವಳೇ, "ಅಕ್ಕ, ಈ ಸರ್ತಿ ನಿನ್ನ ಚಿತ್ರಾ ತಗೀತೇನಿ, ಕುಂದ್ರು" ಎಂದೆ.

"ನಾ ಕುಂತ್ರ ಅಡಗಿ ಯಾರು ಮಾಡತಾರ, ಹುಚ್ಚಿ?"

"ಅಕ್ಕಿ ಆರಿಸಿಕೋತ ಕುಂದ್ರು. ಕೈ ಕೆಲಸ ಮಾಡ್ಲಿ, ಮಾರಿ ನನಗ ಕೊಡು."

ಆ ಉಪಾಯಕ್ಕೆ ಒಪ್ಪಿದಳು. ಪೆಟ್ಟಿಗೆ ತೆಗೆದು ಅವ್ವನ ಇಳಕಲ್ ಸೀರೆ ಉಟ್ಟುಕೊಂಡು, ತಲೆ ಮೇಲೆ ಕೆಂಪು ಸೆರಗು ಹೊದ್ದು, ಮೊರದ ತುಂಬಾ ಅಕ್ಕಿ ಹಾಕಿಕೊಂಡು ಕೂತಳು. ಎರಡು ಹಳ್ಳು ಆರಿಸಿ ಒಗೆದು ಮೆಲ್ಲಗೆ, "ತಂಗೀ, ನನ್ನ ಹಿಂದ ಈ ಚಾಳ ಬ್ಯಾಡ. ನಮ್ಮ ಬ್ಯಾಡಗಿ ಪಡಸಾಲಿ ತಗಿ. ಬಾಗಲದಾಗ ಅಂಗಳಾ ಕಾಣ್ಲಿ, ಮೆಣಸಿನಕಾಯಿ ಹರವಿದ್ದು ಕಾಣ್ಲಿ" ಎಂದಳು. ಅಪ್ಪ ತೀರಿಕೊಂಡು, ಅಂಗಡಿ ಮುಚ್ಚಿ, ಆ ಮನೆ ಮಾರಿ ಆಗಲೇ ಎರಡು ವರ್ಷವಾಗಿತ್ತು. ಹೊಸಬರು ಅಂಗಳದಲ್ಲಿ ಮಳಿಗೆ ಕಟ್ಟಿಸಿದ್ದರು. ಅಕ್ಕನಿಗೆ ಇನ್ನು ಆ ಅಂಗಳ ಎಲ್ಲಿಯೂ ಇರಲಿಲ್ಲ. ಆಗಲಿ ಎಂದೆ.

ಮೂರು ದಿನ ಬಿಡಿಸಿದೆ. ಮುಖ ಬಂತು, ಕೈ ಬಂತು, ಪಡಸಾಲೆ ಬಂತು. ಕೊನೆಗೆ ಸೆರಗಿಗೂ ಅಂಗಳಕ್ಕೂ ಕೆಂಪು ತುಂಬೋಣ ಎಂದು ಸಾಬೂನಿನ ಡಬ್ಬಿ ತೆಗೆದರೆ ಕೆಂಪೇ ಇಲ್ಲ! ಸೂಟಿಯ ಮುಂಚೆ ಸ್ವಾಗತ ಬೋರ್ಡಿಗೆ ಅಷ್ಟೂ ಬಳಿದಿದ್ದೆ. ಮರುದಿನ ಮಧ್ಯಾಹ್ನ ನನ್ನ ಗಾಡಿ, ಹಬ್ಬವೆಂದು ಅಂಗಡಿಗಳು ಮುಚ್ಚಿದ್ದವು. ತಲೆ ಮೇಲೆ ಕೈ ಹೊತ್ತು ಕೂತೆ. ಇದೂ ಅರ್ಧವೇ ಉಳಿಯಿತಲ್ಲ ಎಂದು ಅಳುವೇ ಬಂತು.

ಅಕ್ಕ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದೇ ಹೊರಗೆ ಬಂದಳು. "ಕೆಂಪಿಗೆ ಅಳತಿಯೇನ? ಒಂದು ಕಿಲೋ ಕೆಂಪು ತಂದು ಕೊಟ್ಟೀಯಲ್ಲ ನನಗ!" ಎಂದು ಖಾರಪುಡಿಯ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು.

ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಗೋಂದಿನಲ್ಲಿ ಕಲಸಿದೆ. ಮಂಕು ಇಟ್ಟಿಗೆ ಬಣ್ಣ ಬಂತು. ಅಕ್ಕ ಬಗ್ಗಿ ನೋಡಿ, "ಎಣ್ಣಿ ಹಾಕದ ಖಾರ ಬಣ್ಣ ಬಿಡತೈತೇನ? ಎಣ್ಣಿ ಎರಡು ಹನಿ ಹಾಕು. ಎರಡ ಸಾಕು" ಎಂದಳು. ಪುಡಿಗೆ ಎರಡು ಹನಿ ಶೇಂಗಾ ಎಣ್ಣೆ ಹಾಕಿ ಬಿಸಿ ಸೌಟಿನ ಬೆನ್ನಿನಿಂದ ತಿಕ್ಕಿದಳು. ಆಮೇಲೆ ಗೋಂದು. ಅಬ್ಬಬ್ಬಾ, ಆ ಕೆಂಪು! ಯಾವ ಡಬ್ಬಿಯಲ್ಲೂ ನಾನು ಅದನ್ನು ಕಂಡಿರಲಿಲ್ಲ. ಮಾಮಾ ಒಂದೇ ಸಮನೆ ಸೀನಿದರು. ನಾನು ಕಣ್ಣುಜ್ಜಿಕೊಂಡು ನಳಕ್ಕೆ ಓಡಿದೆ. ಸೆರಗು ತುಂಬಿತು, ಅಂಗಳ ತುಂಬಿತು. ಅಕ್ಕ ಎಷ್ಟೋ ಹೊತ್ತು ಆ ಅಂಗಳವನ್ನೇ ನೋಡುತ್ತ ನಿಂತು, "ಅಪ್ಪಾರು ಈಗ ಬಾಗಲದಾಗ ಬಂದು ನಿಂದ್ರತಾರ ನೋಡು" ಎಂದಳು. ನಾವಿಬ್ಬರೂ ಅತ್ತೆವು. ಖಾರಕ್ಕಲ್ಲ.

ಮಾಮಾ ಚೌಕಟ್ಟು ಹಾಕಿಸಿದರು. ಗಾಜು ಬೇಡವೆಂದಳು ಅಕ್ಕ. "ಗಾಜಿನ್ಯಾಗ ಬರೇ ಕಿಟಕಿ ಕಾಣತೈತಿ, ಅಂಗಳಾ ಕಾಣಂಗಿಲ್ಲ" ಎಂದು. ಗ್ಯಾಲರಿಯ ಬಾಗಿಲ ಎದುರಿನ ಗೋಡೆಗೆ ಹಾಕಿದರು. ಅಲ್ಲಿ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತಿತ್ತು.

ಮುಂದಿನ ದಸರೆಗೆ ಹೋದೆ. ಕೆಂಪು ಹಾಗೇ ಇತ್ತು. ಅದರ ಮುಂದಿನ ವರ್ಷವೂ ಹಾಗೇ. ಐದು ವರ್ಷ, ಹತ್ತು ವರ್ಷ, ಹದಿನೈದು ವರ್ಷ! ಮುಖದ ಬಣ್ಣ ಮಂಕಾಗಿತ್ತು, ಪಡಸಾಲೆಯ ಗೋಡೆ ಮಾಸಿತ್ತು, ಕೆಂಪು ಮಾತ್ರ ಹೊಚ್ಚ ಹೊಸದು. ಚಪ್ಪಲಿ ಬಿಟ್ಟವಳೇ ಮೊದಲು ಆ ಗೋಡೆಯ ಮುಂದೆ ನಿಲ್ಲುತ್ತಿದ್ದೆ, ಆಮೇಲೆ ನೀರು ಕುಡಿಯುವುದು. ಹೊರಡುವಾಗ ಅಕ್ಕ ಉಡಿ ತುಂಬಿ, ಕುಬಸದ ಖಣ ಇಟ್ಟು, ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದಳು: "ಮುಂದಿನ ವರ್ಷ ಖಾರಪುಡಿ ಒಂದು ಪಾವ್ ಕಿಲೋ ಹೆಚ್ಚಿಗಿ ತಾರ."

"ಮುಂಬೈ ಮಂದಿ ಇಷ್ಟು ಖಾರ ತಿಂತಾರೇನವಾ?" ಎಂದು ನಾನು ಕಾಡಿಸುವೆ.

"ಬಾಯಿಗೆ ರುಚಿ ಹತ್ತೈತಿ, ತಾ ಅಂದ್ರ ತಾ" ಎನ್ನುವಳು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಆ ಚಿತ್ರ ನನ್ನ ತಲೆಗೆ ಏರಿತು. ಹಾವೇರಿಯಲ್ಲಿ ಶಿಕ್ಷಕರ ತರಬೇತಿ ನಡೆದಾಗ ನಿಸರ್ಗದ ಬಣ್ಣಗಳ ಬಗ್ಗೆ ಮಾತಾಡಿ ಎಂದು ನನ್ನನ್ನು ನಿಲ್ಲಿಸಿದರು. ಅರಿಷಿಣದ ಬಣ್ಣ ಹಾರುತ್ತದೆ, ಬೀಟ್‌ರೂಟ್ ಹಾರುತ್ತದೆ, ನಮ್ಮ ಬ್ಯಾಡಗಿ ಕೆಂಪು ಹಾರುವುದಿಲ್ಲ, ಮುಂಬೈಯಲ್ಲಿ ನಮ್ಮಕ್ಕನ ಗೋಡೆಯ ಮೇಲೆ ಸಾಕ್ಷಿ ಇದೆ, ಬೇಕಾದರೆ ಹೋಗಿ ನೋಡಿ ಬನ್ನಿ ಎಂದು ಮೇಜು ಗುದ್ದಿ ಹೇಳಿದೆ. ಚಪ್ಪಾಳೆ ಬಿತ್ತು. ವರ್ಗದಲ್ಲಿಯೂ ಅದೇ ಭಾಷಣ.

ಆಗ ನಾನು ರಾಣೆಬೆನ್ನೂರಿನಲ್ಲಿದ್ದೆ. ಹಲಗೇರಿಯಿಂದ ಬಸ್ಸಿಗೆ ಬರುತ್ತಿದ್ದ ರೇಣುಕಾ ಎಂಬ ಹುಡುಗಿ, ಒಂಬತ್ತನೆಯ ವರ್ಗ. ಕೈ ಬಹಳ ಛಲೋ ಇತ್ತು. ನನ್ನ ಮಾತು ಕೇಳಿ ಮನೆಯ ಖಾರಪುಡಿಯಲ್ಲಿ ಒಂದು ಕೆಂಪು ಹುಂಜ ಬಿಡಿಸಿ ತಂದಳು. ಎದೆಯುಬ್ಬಿಸಿ ಕೂಗುವ ಹುಂಜ. ನಾನೇ ಖುಷಿಯಿಂದ ಪಡುವಲ ಬದಿಯ ವರಾಂಡದಲ್ಲಿ ತೂಗು ಹಾಕಿಸಿದೆ. ಬೇಸಿಗೆ ಸೂಟಿ ಮುಗಿದು ಸಾಲೆ ತೆರೆದ ದಿನ ಅವಳು ನಡು ವರ್ಗದಲ್ಲಿ ಎದ್ದು ನಿಂತಳು.

"ಅಕ್ಕೋರ, ನನ್ನ ಹುಂಜ ಬೆಳ್ಳಗ ಆಗೈತ್ರಿ."

ಹೋಗಿ ನೋಡಿದೆ. ಒಣಹುಲ್ಲಿನ ಬಣ್ಣ. ನನ್ನ ಮಾತು ಸುಳ್ಳಾದದ್ದನ್ನು ನಲವತ್ತು ಮಕ್ಕಳು ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. "ಬ್ಯಾಡಗೀದ ಆಗಿದ್ರ ಹಿಂಗ ಆಗತಿರಲಿಲ್ಲ. ಯಾವುದೋ ಅಗ್ಗದ ಮೆಣಸಿನಕಾಯಿ ತಂದು ಬ್ಯಾಡಗೀದು ಅಂತ ಸುಳ್ಳು ಹೇಳತಿಯೇನು?" ಎಂದೆ.

"ಖರೇನ ಬ್ಯಾಡಗಿ ಬೀಜದ್ದ್ರಿ. ನಮ್ಮಪ್ಪಾನ ಬೆಳದದ್ದು" ಎಂದಳು.

"ಬಾಯಿ ಮುಚ್ಚಿ ಕುಂದ್ರು!"

ವರ್ಗವೆಲ್ಲ ನಕ್ಕಿತು. ಅವಳು ಕೂತಳು. ವರ್ಷ ಮುಗಿಯುವವರೆಗೆ ಹೇಳಿದಷ್ಟು ಬಿಡಿಸಿದಳು, ನನ್ನ ಮುಖ ನೋಡಲಿಲ್ಲ.

ಆ ದಸರೆಗೆ ಮುಂಬೈಗೆ ಹೋದಾಗ ಚಪ್ಪಲಿಯನ್ನೂ ಬಿಡಲಿಲ್ಲ. ಹೋದವಳೇ ಗೋಡೆಯ ಮುಂದೆ ನಿಂತೆ. ಕೆಂಪು ಗಟ್ಟಿಯಾಗಿತ್ತು. ಅಕ್ಕನಿಗೆ ಹುಂಜದ ಕತೆಯೆಲ್ಲ ಹೇಳಿ, "ನೋಡು, ಆ ಹುಡುಗಿ ಸುಳ್ಳು ಹೇಳಿದ್ಳು" ಎಂದೆ. ಅಕ್ಕ ನಗಲಿಲ್ಲ. "ಆ ಕೂಸಿಗೆ ನೀ ಬೈಬಾರದಿತ್ತು" ಎಂದಷ್ಟೇ ಹೇಳಿ ಒಳಗೆ ಹೋದಳು. ಅಕ್ಕನಿಗೆ ಮಕ್ಕಳೆಂದರೆ ಮರುಕ ಹೆಚ್ಚು ಎಂದುಕೊಂಡೆ.

ಅಷ್ಟರಲ್ಲಿ ಕೆಲಸವೂ ಬದಲಾಯಿತು. ಫ್ಲೆಕ್ಸ್ ಬಂತು, ಸ್ವಾಗತ ಬೋರ್ಡು ಬರೆಯುವುದು ನಿಂತಿತು. ಮಕ್ಕಳು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಅದನ್ನು ನೋಡಿ ಬಿಡಿಸತೊಡಗಿದರು. ಗಿಡ ಎದುರಿಗೇ ಇದ್ದರೂ ಮೊಬೈಲಿನ ಗಿಡವೇ ಬೇಕು. ನಾನು ಬೈದೆ. ಗಿಡ ನೋಡ್ರೋ, ಕಣ್ಣು ಬಿಟ್ಟು ನೋಡ್ರೋ ಎಂದು ರಿಟೈರ್ ಆಗುವ ದಿನದವರೆಗೂ ಬೈದೆ. ಅದನ್ನು ನೆನೆಸಿಕೊಂಡರೆ ಈಗ ನನಗೇ ನಗು ಬರುತ್ತದೆ.

ನಿವೃತ್ತಿಯಾದ ಮೇಲೆ ಮೊಣಕಾಲಿನ ಆಪರೇಶನ್ ಆಗಿ ಎರಡು ದಸರೆಗೆ ಹೋಗಲಾಗಲಿಲ್ಲ. ಮಾಮಾ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಅಕ್ಕನಿಗೆ ಲಕ್ವಾ ಹೊಡೆಯಿತು, ಬಲಗೈ ಎತ್ತಲಾಗುವುದಿಲ್ಲ ಎಂದು ಅವಳ ಮಗಳು ವಿದ್ಯಾ ಫೋನ್ ಮಾಡಿದಳು. ಕೋಲು ಊರಿಕೊಂಡೇ ಹೊರಟೆ. ಚೀಲದಲ್ಲಿ ಖಾರಪುಡಿ ಇದ್ದೇ ಇತ್ತು.

ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಬಾಯಿ ಸ್ವಲ್ಪ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ತಬ್ಬಿಕೊಂಡೆ. ಅವಳ ಹೆಗಲ ಮೇಲಿಂದ ಗೋಡೆ ಕಂಡಿತು. ಚಿತ್ರದಲ್ಲಿ ಸೆರಗು ಇರಲಿಲ್ಲ. ಅಂಗಳವೂ ಇರಲಿಲ್ಲ. ಸೆರಗಿನ ಜಾಗದಲ್ಲಿ, ಅಂಗಳದ ಜಾಗದಲ್ಲಿ, ರೇಣುಕಾಳ ಹುಂಜದ ಬಣ್ಣವಿತ್ತು.

"ವಿದ್ಯಾ, ಇದೇನಾತು ಇದು?" ಎಂದೆ.

ವಿದ್ಯಾ ತಾಯಿಯ ಮುಖ ನೋಡಿದಳು. ಅಕ್ಕ ಬೇಡ ಎನ್ನುವಂತೆ ತಲೆಯಾಡಿಸಿದಳು. ಮಗಳು ಕೇಳಲಿಲ್ಲ. "ಮೌಶಿ, ಅದು ಪ್ರತಿ ವರ್ಷ ಹಿಂಗ ಆಗತಿತ್ತು. ಬ್ಯಾಸಗಿ ಮುಗಿಯೂದರಾಗ ಬೆಳ್ಳಗ. ನೀವು ಬರೂ ಎಂಟು ದಿನಾ ಮೊದಲ ಅವ್ವ ಕೆಳಗ ಇಳಿಸಿ, ನೀವು ತಂದ ಖಾರಪುಡಿ ಕಲಸಿ, ಬೆರಳಿಂದ ಹಚ್ಚತಿದ್ಲು. ವರ್ಷಾನೂ ಅದಕ್ಕಂತ ಒಂದು ಡಬ್ಬಿ ಬ್ಯಾರೆ ಎತ್ತಿ ಇಡತಿದ್ಲು, ಕತ್ತಲಿ ಕಪಾಟಿನ್ಯಾಗ. ಈಗ ಕೈ ಏಳಂಗಿಲ್ಲಲ್ಲ. ನಾನ ಹಚ್ಚತೇನಿ ಅಂದ್ರ ಬಿಡಲಿಲ್ಲ."

ಪಾವ್ ಕಿಲೋ ಹೆಚ್ಚಿಗೆ ಯಾತಕ್ಕೆ ಎಂದು ಆಗ ತಿಳಿಯಿತು.

ಹತ್ತಿರ ಹೋಗಿ ನೋಡಿದೆ. ಕಣ್ಣು ಬಿಟ್ಟು, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ. ಬಣ್ಣ ಹಾರಿದ್ದರೂ ಪುಡಿಯ ಪದರ ಪದರ ಮೇಲೆದ್ದು ನಿಂತಿತ್ತು. ಸೆರಗಿನ ಅಂಚು ದಾಟಿ ತೋಳಿನ ಮೇಲೆ ಹೋಗಿತ್ತು. ಅಂಗಳದ ತುಂಬಾ ಬೆರಳಿನ ಗುರುತುಗಳು. ಗೆರೆ ದಾಟಿದರೆ ಎಷ್ಟು ಮಕ್ಕಳ ಕೈಗೆ ಸ್ಕೇಲಿನಿಂದ ಹೊಡೆದಿದ್ದೇನೆ! ನನ್ನದೇ ಚಿತ್ರದಲ್ಲಿ ನಮ್ಮಕ್ಕನ ಬೆರಳು ನನಗೆ ಕಾಣಲಿಲ್ಲ. ಇನ್ನೂ ನಾಚಿಕೆಗೇಡಿನ ಮಾತು: ನಾನು ದಲಾಲಿಯ ಮಗಳು. "ಒಣಗಿದ್ದಕ್ಕ ಮತ್ತ ಬಿಸಿಲು ತೋರಸಬ್ಯಾಡ್ರೋ, ಬಣ್ಣ ಹಾರತೈತಿ" ಎಂದು ಅಪ್ಪ ಹಮಾಲರಿಗೆ ಕೂಗುವುದನ್ನು ಕೇಳುತ್ತ ಬೆಳೆದವಳು. ಊರ ಹೆಮ್ಮೆ ನೆನಪಿತ್ತು, ಅಪ್ಪನ ಕತ್ತಲೆ ಕೋಣೆ ಮರೆತಿದ್ದೆ.

"ಯಾಕ ಹೇಳಲಿಲ್ಲ ನನಗ?" ಎಂದು ಅಕ್ಕನ ಮೇಲೇ ಸಿಟ್ಟು ಮಾಡಿದೆ. ನನ್ನ ಬುದ್ಧಿ ಎಲ್ಲಿ ಹೋಗುತ್ತದೆ.

ಅಕ್ಕ ತೊದಲುತ್ತ, ಒಂದೊಂದೇ ಮಾತು ಕೂಡಿಸಿ ಹೇಳಿದಳು. "ವರ್ಷಕ್ಕ ಎಂಟು ದಿನ ಬರಾಕಿ ನೀ. ಬಂದು ಅದನ್ನ ನೋಡಿದ ಕೂಡ್ಲೆ ನಿನ್ನ ಮಾರಿ ಅರಳತಿತ್ತು. ಅದನ್ನ ಹ್ಯಾಂಗ ಕೆಡಸಲಿ?" ಚಿತ್ರದ ಕಡೆ ನೋಡಿ ಮತ್ತೆ, "ಮತ್ತ ಅಂಗಳಾ ಬೆಳ್ಳಗಾದ್ರ ನಾ ತವರಿಗೆ ಎಲ್ಲಿ ಹೋಗಲಿ?"

ಚೀಲ ಬಿಚ್ಚಿ ಖಾರಪುಡಿ ತೆಗೆದೆ. ಚಿತ್ರ ಇಳಿಸಿ ಮಂಚದ ಮೇಲೆ ಅವಳ ಮುಂದೆ ಇಟ್ಟೆ. ಸೌಟು ಬಿಸಿ ಮಾಡಿಸಿದೆ. ಅಕ್ಕ ಎಡಗೈ ಎತ್ತಿ ಎರಡು ಬೆರಳು ತೋರಿಸಿದಳು, ಎರಡು ಹನಿ ಎಂದು. ಅವತ್ತು ಸಂಜೆಯವರೆಗೆ ಇಬ್ಬರೂ ಕೂಡಿ ಅಂಗಳಕ್ಕೆ ಮೆಣಸಿನಕಾಯಿ ಹರವಿದೆವು. ಅವಳು ಎಡಗೈಯಿಂದ ಹಚ್ಚಿದ್ದು ಅರ್ಧ ಚೌಕಟ್ಟಿನ ಮೇಲೆ ಬಿತ್ತು. ಆ ಎಂಟೂ ದಿನ ನಾನು ಸಮುದ್ರಕ್ಕೂ ಹೋಗಲಿಲ್ಲ, ಯಾರ ಮನೆಯ ಊಟಕ್ಕೂ ಹೋಗಲಿಲ್ಲ. ಅದೇ ನಾನು ಅಕ್ಕನನ್ನು ಕಡೆಯ ಸಲ ನೋಡಿದ್ದು. ಯುಗಾದಿಗೆ ಮುಂಚೆ ಹೋಗಿಬಿಟ್ಟಳು.

ಆ ಸಲ ಊರಿಗೆ ಬಂದ ವಾರದಲ್ಲೇ ಹಲಗೇರಿಗೆ ಹೋಗಿ ವಿಚಾರಿಸಿದ್ದೆ. ರೇಣುಕಾ ರಾಣೆಬೆನ್ನೂರಿನಲ್ಲಿ ಟೇಲರಿಂಗ್ ಅಂಗಡಿ ಇಟ್ಟಿದ್ದಾಳೆ ಎಂದರು. ಹುಡುಕಿಕೊಂಡು ಹೋದೆ. ಮಶೀನು ಬಿಟ್ಟೆದ್ದು, "ಅಯ್ಯ, ಡ್ರಾಯಿಂಗ್ ಅಕ್ಕೋರು! ಬರ್ರಿ, ಕುಂದ್ರಿ" ಎಂದು ಕುರ್ಚಿ ಒರೆಸಿದಳು. ನಿಂತೇ ಹೇಳಿದೆ: "ನಿನ್ನ ಮೆಣಸಿನಕಾಯಿ ಖರೇನ ಬ್ಯಾಡಗೀದ ಇತ್ತವಾ. ನಾನ ಸುಳ್ಳು ಹೇಳಿದ್ದೆ. ತಪ್ಪಾತು."

ಅವಳು ಗಳಗಳ ನಕ್ಕಳು. "ಏನ್ರಿ ಅಕ್ಕೋರ, ಹುಂಜದ ಮಾತು ಇನ್ನೂ ತಲಿಯೊಳಗ ಇಟಗೊಂಡೀರೇನು? ನಾ ಎಂದೋ ಮರ್ತೇನ್ರಿ." ಚಹಾ ತರಿಸಿದಳು. ಕತ್ತರಿ ತೆಗೆದುಕೊಂಡು ಬಟ್ಟೆ ಕತ್ತರಿಸುತ್ತ, ತಲೆ ಎತ್ತದೆ, "ಆಮ್ಯಾಲ ಬಣ್ಣದ ಉಸಾಬರಿಗೆ ಹೋಗಲಿಲ್ಲ ನೋಡ್ರಿ" ಎಂದಳು. ಚಹಾದ ಕಪ್ಪು ಅರ್ಧಕ್ಕೇ ಕೆಳಗಿಟ್ಟೆ. ಗುತ್ತಲಕ್ಕೆ ಹೋಗುವ ಹುಡುಗಿಗೆ ನಾನು ಹೇಳಬೇಕಾದದ್ದು ಇದೊಂದೇ. ಮಗು ಎದ್ದು ನಿಂತು ನಿಮ್ಮ ಮಾತು ತಪ್ಪು ಎಂದರೆ, ಬಾಯಿ ತೆರೆಯುವ ಮುಂಚೆ ಹೋಗಿ ಆ ಹುಂಜವನ್ನು ಸರಿಯಾಗಿ ನೋಡವಾ.

ಚಿತ್ರ ಈಗ ಹಾವೇರಿಯಲ್ಲಿ ನಮ್ಮ ಮನೆಯಲ್ಲಿದೆ. ವಿದ್ಯಾ ಅದನ್ನು ನಮ್ಮವ್ವನ ಇಳಕಲ್ ಸೀರೆಯಲ್ಲೇ ಸುತ್ತಿ ತಂದುಕೊಟ್ಟಳು. ಕಪಾಟಿನ ಕತ್ತಲಲ್ಲಿ ಇಟ್ಟರೆ ಬಣ್ಣ ಉಳಿಯುತ್ತದೆ, ಈಗ ಮಾಸದ ಬಣ್ಣಗಳೂ ಬೇಕಾದಷ್ಟು ಸಿಗುತ್ತವೆ. ಎರಡೂ ನನಗೆ ಬೇಡವಾಯಿತು. ಕಿಟಕಿಯ ಎದುರಿಗೆ ಹಾಕಿದ್ದೇನೆ. ಬಿಸಿಲು ಬೀಳುತ್ತದೆ, ಕೆಂಪು ಹಾರುತ್ತದೆ. ಮೊದಲ ವರ್ಷ ಒಳ್ಳೆಯ ಬ್ರಷ್ ಹಿಡಿದು, ಗೆರೆಯೊಳಗೇ ತುಂಬಿದೆ. ನೋಡಿದರೆ ಅಕ್ಕ ಕಾಣೆಯಾಗಿದ್ದಳು. ಒದ್ದೆ ಬಟ್ಟೆಯಿಂದ ನನ್ನ ಪದರವನ್ನಷ್ಟೇ ಒರೆಸಿ, ಬೆರಳಿಂದ ಹಚ್ಚಿದೆ. ಅವಳ ಬೆರಳು ಎಲ್ಲಿ ದಾಟಿತ್ತೋ ಅಲ್ಲಿ ನನ್ನದೂ ದಾಟಿತು.

ಮೊನ್ನೆ ಹೊಸ ಮೆಣಸಿನಕಾಯಿ ಬಂತು, ಖಾರ ಕುಟ್ಟಿಸಲು ಗಿರಣಿಗೆ ಹೋಗಿದ್ದೆ. ಗಿರಣಿಯವನು ತೂಗಿ ನೋಡಿ, "ಅಕ್ಕೋರ, ಮನ್ಯಾಗ ಇರವರು ಇಬ್ಬರ. ವರ್ಷಾ ಈ ಪಾವ್ ಕಿಲೋ ಹೆಚ್ಚಿಗಿ ಯಾರಿಗ್ರಿ?" ಎಂದು ಕೇಳಿದ.

"ನಮ್ಮಕ್ಕಗ" ಎಂದೆ. "ಸಣ್ಣಗ ಕುಟ್ಟು."